ಒಂದು ಬೆರಳು ಉದ್ದವಾದ ಬಂದೂಕು

ಅಗಸೆ ಎಣ್ಣೆ, ಸುಟ್ಟ ಮದ್ದು, ಹಳೆಯ ಗೋಣಿತಟ್ಟು. ಈ ಮೂರೂ ಸೇರಿದ ವಾಸನೆ ಮೂಗಿಗೆ ಬಿದ್ದೊಡನೆ ಸಬ್ ಇನ್‌ಸ್ಪೆಕ್ಟರ್ ಭವಾನಿ ಮೂವತ್ತಮೂರರಿಂದ ಏಳು ವರ್ಷಕ್ಕೆ ಇಳಿದುಬಿಟ್ಟಳು.

ಕುಷ್ಟಗಿ ಠಾಣೆಯ ಹಿಂದಿನ ಕೋಣೆ. ಚುನಾವಣೆಯ ದಿನ ಗೊತ್ತಾದ ಮರುವಾರವೇ ಸುತ್ತಲಿನ ಹಳ್ಳಿಗಳ ಲೈಸೆನ್ಸ್ ಬಂದೂಕುಗಳೆಲ್ಲ ಠಾಣೆಗೆ ಬಂದು, ಮತ ಎಣಿಕೆ ಮುಗಿಯುವ ತನಕ ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಅವಳ ಅಪ್ಪ ಹಂಪಣ್ಣ ಆಗ ಕಾನ್‌ಸ್ಟೆಬಲ್. ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟುತ್ತಿದ್ದರು. ಯಾರೂ ಕೇಳದಿದ್ದರೂ ಒಂದೊಂದರ ಮರಕ್ಕೂ ಅಗಸೆ ಎಣ್ಣೆ ಹಚ್ಚುತ್ತಿದ್ದರು.

"ಮಂದಿ ನಂಬಿ ಇಟ್ಟು ಹೋಗ್ಯಾರವ್ವಾ. ಇಟ್ಟಾಗಿನಕಿಂತ ಚಂದ ಮಾಡಿ ಕೊಡಬೇಕು" ಎನ್ನುತ್ತಿದ್ದರು.

"ಬಂದೂಕಿನ ವಾಸನಿಗೆ ಕಣ್ಣು ಮುಚ್ಚಿದಿ ಅಂದ್ರ ನೀ ಹಂಪಣ್ಣನ ಮಗಳು ಖರೆ" ಎಂಬ ದನಿ ಕೇಳಿ ಭವಾನಿ ಕಣ್ಣು ತೆರೆದಳು.

ಇದು ಕುಷ್ಟಗಿಯಲ್ಲ. ಸಾಣಾಪುರದ ಆಚೆ, ಬಂಡೆಗುಡ್ಡಗಳ ಬುಡದಲ್ಲಿರುವ ಗುಡ್ಡದಕೇರಿ ಠಾಣೆ. ಎದುರಿಗೆ ಕುಳಿತವರು ಜಿಲಾನಸಾಬ. ಎಪ್ಪತ್ತೈದು ದಾಟಿದ ಮನುಷ್ಯ. ಕೊಪ್ಪಳದಲ್ಲಿ ಬಂದೂಕು ರಿಪೇರಿ ಮಾಡುವವರಲ್ಲಿ ಉಳಿದವರು ಅವರೊಬ್ಬರೇ. ಸಿಕ್ಕ ಮೊದಲ ಬಸ್ಸು ಹತ್ತಿ ಬಂದಿದ್ದರು.

ಇಬ್ಬರ ನಡುವೆ ಮೇಜಿನ ಮೇಲೆ ಜೋಡು ನಳಿಗೆಯ ಬಂದೂಕು ಮಲಗಿತ್ತು. ನಿನ್ನೆ ನಸುಕಿನಲ್ಲಿ ಕಾಲುವೆ ದಂಡೆಯ ಮೇಲೆ ಹಾಲೇಶನ ಎದೆಗೆ ಗುಂಡು ಬಿದ್ದದ್ದು ಇದರಿಂದಲೇ. ಗಂಗಾವತಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಬಂದೂಕು ಹಿಡಿದಿದ್ದ ಸಣ್ಣಪ್ಪ ಗೋಡೆಯಾಚೆ ಲಾಕಪ್ಪಿನಲ್ಲಿದ್ದ. ಅರವತ್ತೆಂಟು ವರ್ಷ. ಗುಡ್ಡದಿಂದ ಭತ್ತದ ಗದ್ದೆಗೆ ಇಳಿಯುವ ಹಂದಿಗಳನ್ನು ಹೆದರಿಸಲೆಂದು ಕೊಟ್ಟ ಬೆಳೆ ರಕ್ಷಣೆಯ ಲೈಸೆನ್ಸು ಅವನದು. ಹಾಲೇಶನ ಗದ್ದೆ ಪಕ್ಕದ್ದು. ಬದುವಿನ ತಕರಾರಿನಿಂದ ಇಬ್ಬರಿಗೂ ನಾಲ್ಕು ವರ್ಷಗಳಿಂದ ಮಾತಿಲ್ಲ.

ಸಣ್ಣಪ್ಪ ನಿನ್ನೆಯಿಂದ ಹೇಳಿದ್ದು ಒಂದೇ ಮಾತು. "ನನ್ನ ಕೈಯಾಗೇ ಆತು."

ಸರ್ಕಲ್ ಇನ್‌ಸ್ಪೆಕ್ಟರಿಗೆ ಅಷ್ಟೇ ಸಾಕಾಗಿತ್ತು. ಸಂಜೆ ನಾಲ್ಕಕ್ಕೆ ಅವನನ್ನು ಗಂಗಾವತಿ ಕೋರ್ಟಿಗೆ ಹಾಜರುಪಡಿಸಬೇಕು, ಕೊಲೆಯ ಕಲಮು ಹಾಕಿ. ಈಗ ಹತ್ತೂವರೆ.

ಭವಾನಿಗೆ ಮಾತ್ರ ಬೆಳಿಗ್ಗೆ ಸಣ್ಣಪ್ಪನ ಹೆಂಡತಿ ಆಡಿದ ಮಾತು ಕಿವಿಯಿಂದ ಹೋಗಿರಲಿಲ್ಲ. ಕನಕಮ್ಮ ಗಂಡನ ಕನ್ನಡಕ ಕೊಡಲು ಬಂದವಳು, ಠಾಣೆಯ ಮೆಟ್ಟಿಲ ಮೇಲೆ ಕುಳಿತು ಯಾರಿಗೂ ಅಲ್ಲದಂತೆ ಹೇಳಿದ್ದಳು.

"ಈ ಮೂರು ನಾಕು ತಿಂಗಳಿಂದ ಬಂದೂಕು ಉದ್ದ ಆಗೈತಿ ಅಂತಿದ್ರು ಮೇಡಂ. ಹೆಗಲಿಗೆ ಹಿಡಿದ್ರ ಬೆರಳು ಮೊದಲಿನಂಗ ಮುಟ್ಟವಲ್ದು ಅಂತ. ನಾ ನಕ್ಕೆ. ಬಂದೂಕು ಎಲ್ಲಿ ಬೆಳಿತೈತ್ರಿ? ನೀವೇ ಮುದುಕಾಗಿ ಕುಗ್ಗೀರಿ ಅಂದೆ. ಅವತ್ತಿಂದ ಹಳೇ ಅಂಗಿ ತೋಳು ಕೈಗೆ ಹಿಡಿದು ಅಳತಿ ಮಾಡ್ಕೊಂತಿದ್ರು, ಖರೇನ ಕುಗ್ಗೀನೇನು ಅಂತ."

ಅದನ್ನು ಕೇಳಿ ಹೆಡ್ ಕಾನ್‌ಸ್ಟೆಬಲ್ ರೆಹಮಾನ ನಕ್ಕಿದ್ದ. "ಬಂದೂಕು ಬೆಳಿತೈತಿ ಅಂದ್ರ ನನ್ನ ಲಾಠಿಗೂ ದಿನಾ ನೀರು ಹಾಕ್ತೀನ್ರಿ ಮೇಡಂ. ಗಿಡ್ಡ ಆಗೈತಿ." ಆಮೇಲೆ ಕನಕಮ್ಮನ ಮುಖ ನೋಡಿ, ನಾಚಿ, ಒಳಗೆ ಹೋಗಿ ಅವಳಿಗೆ ಕುರ್ಚಿ ತಂದಿಟ್ಟಿದ್ದ.

ಜಿಲಾನಸಾಬರಿಗೆ ಫೋನು ಮಾಡಿಸಿದ್ದು ಆಗಲೇ.

ಅವರು ಅಳತೆ ಪಟ್ಟಿ ಕೇಳಲಿಲ್ಲ. ಹೆಗಲಿಗೆ ಒತ್ತಿ ಹಿಡಿಯುವ ಮರದ ಭಾಗವನ್ನು ಮೊಣಕೈಯ ಒಳಮಡಿಕೆಗೆ ಆನಿಸಿ, ತೋರು ಬೆರಳನ್ನು ಟ್ರಿಗರಿನ ಕಡೆಗೆ ಚಾಚಿದರು. ಮತ್ತೊಮ್ಮೆ ಚಾಚಿದರು.

"ಇದು ಸಣ್ಣಪ್ಪನ ಬಂದೂಕಲ್ಲ ಬೇಟಿ."

ರೆಹಮಾನ ಬಾಗಿಲಲ್ಲೇ ನಿಂತ. "ಏನ್ ಮಾತಾಡ್ತೀರಿ ಚಾಚಾ? ಅಂವನ ಕೈಯಾಗಿಂದ ನಾನೇ ಕಸಗೊಂಡೀನಿ."

"ಕೈ ಅಂವಂದು. ಬಂದೂಕು ಅಂವಂದಲ್ಲ." ಜಿಲಾನಸಾಬ ಮರದ ತುದಿಯನ್ನು ಸವರಿದರು. "ಸಣ್ಣಪ್ಪ ಗಿಡ್ಡ ಮನಶಾ. ಇಪ್ಪತ್ತು ವರ್ಷದ ಹಿಂದ ಬಂದಿದ್ದ, ಉದ್ದ ಆಗ್ತೈತ್ರಿ ಅಂತ. ಇದೇ ಕೈಲೆ ಈ ಹೆಗಲ ಕಡೆ ಮರ, ಕುಂದಾ, ಒಂದು ಬೆರಳು ಕೊಯ್ದು ಕೊಟ್ಟೀನಿ. ಇದನ್ನ ಯಾರೂ ಕೊಯ್ದಿಲ್ಲ. ಫ್ಯಾಕ್ಟರಿಯಿಂದ ಬಂದಂಗ ಐತಿ."

"ಒಂದೇ ನಮೂನಿ ಬಂದೂಕು ಎಷ್ಟಿದ್ದಾವ್ರಿ ಈ ಕಡೆ?" ಭವಾನಿ ಕೇಳಿದಳು.

"ಸರ್ಕಾರಿ ಫ್ಯಾಕ್ಟರಿ ಮಾಲು. ಆವಾಗ ಎಲ್ಲಾರೂ ಇದನ್ನೇ ತಗೊಂತಿದ್ರು. ಹೊಲ ಕಾಯಾವ್ರೂ ಇದನ್ನೇ, ಆಟ ಆಡಾವ್ರೂ ಇದನ್ನೇ. ಅಣ್ಣ ತಮ್ಮ ಇದ್ದಂಗ. ಮುಟ್ಟಿದ್ರ ಗೊತ್ತಾಗ್ತೈತಿ, ನೋಡಿದ್ರ ಇಲ್ಲ."

ಅವರು ನಳಿಗೆಯ ಕೆಳಗಿನ ಮರದ ಪಟ್ಟಿಯನ್ನು ಕಳಚಿದರು. ಕಬ್ಬಿಣದ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಅಂಕಿಗಳು. ಭವಾನಿ ಲೈಸೆನ್ಸ್ ಪುಸ್ತಕ ಪಕ್ಕಕ್ಕಿಟ್ಟು ಓದಿದಳು. ಮೊದಲ ಮೂರು ಅಂಕಿ ಒಂದೇ. ಆಮೇಲಿನವು ಬೇರೆ.

ಅವಳು ರೆಹಮಾನನ ಕಡೆ ತಿರುಗಿದಳು. ನಿನ್ನೆ ಪಂಚನಾಮೆ ಬರೆದವನು ಅವನು. ಕೆಳಗೆ ಸಹಿ ಹಾಕಿದವಳು ಅವಳು.

"ನಂಬರ್ ಎಲ್ಲಿಂದ ಬರದ್ರಿ?"

ರೆಹಮಾನ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಲೈಸೆನ್ಸ್ ನೋಡಿ ಬರದ್ನಿರಿ ಮೇಡಂ. ಎಲ್ಲಾರೂ ಹಂಗೇ ಬರೀತೀವಿ. ಆ ಪಟ್ಟಿ ಬಿಚ್ಚಾಕ ಯಾರಿಗೆ ಬರ್ತೈತ್ರಿ?"

ಖರೆ. ಇಡುವಾಗಲೂ ಲೈಸೆನ್ಸ್ ನೋಡಿ ಬರೆಯುತ್ತಾರೆ, ಮರಳಿ ಕೊಡುವಾಗಲೂ ಲೈಸೆನ್ಸ್ ನೋಡಿಯೇ ಬರೆಯುತ್ತಾರೆ. ನಡುವೆ ಬಂದೂಕಿಗೆ ಇರುವ ಗುರುತೆಂದರೆ ದಾರದಲ್ಲಿ ಕಟ್ಟಿದ ಒಂದು ಚೀಟಿ.

"ಇನ್ನೊಂದು ಐತಿ" ಎಂದರು ಜಿಲಾನಸಾಬ. ಅವರ ದನಿ ಇಳಿದಿತ್ತು. "ಇದು ಕೆಟ್ಟ ಸುದ್ದಿ."

ಖಾಲಿ ಬಂದೂಕಿನ ಸೇಫ್ಟಿ ಗುಂಡಿಯನ್ನು ಅವರು ಮುಂದಕ್ಕೆ ಸರಿಸಿದರು. ಬಂದೂಕು ತೆರೆದರು, ಮುಚ್ಚಿದರು. ಗುಂಡಿ ಸರಿಸಿದಲ್ಲೇ ನಿಂತಿತ್ತು.

"ಹೊಲದ ಬಂದೂಕು ತೆರೆದ ಕೂಡ್ಲೆ ಸೇಫ್ಟಿ ತಾನೇ ಹಿಂದಕ ಬರಬೇಕು. ತೋಟಾ ಹಾಕಿ ಮುಚ್ಚಿದ್ರ, ನೀನಾಗಿ ಗುಂಡಿ ಸರಿಸೂತನ ಸುಡೂದಿಲ್ಲ. ಸಣ್ಣಪ್ಪಂದು ಹಂಗೇ ಇತ್ತು. ಇದು ಆಟದ ಬಂದೂಕು. ಮಣ್ಣಿನ ತಟ್ಟಿ ಗಾಳ್ಯಾಗ ಹಾರಿಸಿ ಹೊಡಿತಾರಲ್ಲ, ಅವ್ರಿಗೆ ಸೇಫ್ಟಿ ತಾನೇ ಹಿಂದಕ ಬಂದ್ರ ಸಿಟ್ಟು. ತಟ್ಟಿ ಹಾರಿ ಹೋಗಿರತೈತಿ, ಬಂದೂಕು ಸುಡೂದಿಲ್ಲ. ಅದಕ ಒಳಗಿನ ಸಣ್ಣ ಕಡ್ಡಿ ತಗಸ್ತಾರ."

"ಇದರದು ಯಾರು ತಗದ್ರು?"

"ನಾನೇ. ಹದಿನೈದು ವರ್ಷ ಆತು. ಗಂಗಾವತಿ ಕೊಟ್ರೇಶಣ್ಣಂದು."

ಭವಾನಿ ಎದ್ದು, ಕಾಗದದ ಚೀಲದಲ್ಲಿಟ್ಟ ಸಣ್ಣಪ್ಪನ ಅಂಗಿಯನ್ನು ಮತ್ತೆ ತೆಗೆದಳು. ಎಡ ತೋಳಿನ ಮೇಲೆ ಒಣಗಿದ ಕಾಲುವೆ ಕೆಸರಿನ ಅಂಗೈ ಗುರುತು. ನಿನ್ನೆ ಸರ್ಕಲ್ ಸಾಹೇಬರು ಅದನ್ನು ಕೈ ಕೈ ಮಿಲಾಯಿಸಿದ ಗುರುತು ಎಂದು ಬರೆಸಿದ್ದರು.

ಅವಳು ತನ್ನ ಕೈಯನ್ನು ಆ ಗುರುತಿನ ಮೇಲೆ, ತಾಗದಂತೆ, ಹಿಡಿದು ನೋಡಿದಳು. ನಾಲ್ಕು ಬೆರಳು ತೋಳಿನ ಕೆಳಗೆ, ಹೆಬ್ಬೆರಳು ಮೇಲೆ. ಹೊಡೆಯಲು ಬಂದವನು ಹೀಗೆ ಹಿಡಿಯುವುದಿಲ್ಲ. ಜಾರುವವರನ್ನು ದಂಡೆಯ ಮೇಲಕ್ಕೆ ಎಳೆದುಕೊಳ್ಳುವಾಗ ಹಿಡಿಯುವ ಹಿಡಿತ ಅದು.

ಹಾಲೇಶ ಆ ಹೊತ್ತಿಗೆ ತನ್ನ ಗದ್ದೆಗೆ ನೀರು ತಿರುವುತ್ತಿದ್ದ. ಕೈ ಕೆಸರಾಗಿತ್ತು. ನಾಲ್ಕು ವರ್ಷ ಮಾತು ಬಿಟ್ಟ ಮುದುಕ ಕಾಲುವೆಯ ಇಳಿಜಾರಿನಲ್ಲಿ ಕಾಲು ಜಾರುತ್ತಿದ್ದದ್ದನ್ನು ಕಂಡು ಕೈ ಚಾಚಿದ್ದ. ಮುದುಕನ ಬಲಗೈಯಲ್ಲಿ ರಾತ್ರಿ ಕಾವಲಿನ ತೋಟಾ ಇನ್ನೂ ತೆಗೆಯದ ಬಂದೂಕು. ಸೇಫ್ಟಿ ಇದೆಯೆಂದು ನಂಬಿ ಬೆರಳು ಎಲ್ಲೋ ಇಟ್ಟಿದ್ದ.

ಭವಾನಿ ಅಂಗಿಯನ್ನು ಮಡಿಸಿ ಒಳಗಿಟ್ಟಳು.

ಲಾಕಪ್ಪಿನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕುಳಿತಳು. "ಸಣ್ಣಪ್ಪಾ, ಹಾಲೇಶ ನಿಮ್ಮ ತೋಳು ಹಿಡದು ಮ್ಯಾಲ ಎಳದನಲ್ಲಾ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

"ಆ ಬಂದೂಕು ನಿಮ್ಮದಲ್ಲ ಅಂತ ಗೊತ್ತಿತ್ತೇನು?"

"ನನ್ನ ಕೈಯಾಗೇ ಆತವ್ವಾ" ಎಂದ ಸಣ್ಣಪ್ಪ. "ಮತ್ತ ಯಾರನೂ ಏನೂ ಕೇಳಬ್ಯಾಡ."

ಕೊನೆಯ ಮಾತು ಹೊಸದು. ಯಾರನ್ನೂ ಕೇಳಬೇಡ ಎಂದರೆ, ಕೇಳಬೇಕಾದವರು ಒಬ್ಬರು ಇದ್ದಾರೆ.

* * *

ಗಂಗಾವತಿಗೆ ಹೊರಟಾಗ ಜಿಲಾನಸಾಬರನ್ನು ಬಸ್ ಸ್ಟ್ಯಾಂಡಿಗೆ ಬಿಡುವುದೆಂದು ಜೀಪಿನಲ್ಲೇ ಕೂರಿಸಿಕೊಂಡಿದ್ದರು. ಕಾಲುವೆಯ ಎರಡೂ ಬದಿ ಭತ್ತ ತೆನೆ ಕಟ್ಟುತ್ತಿತ್ತು.

ಕೊಟ್ರೇಶರದು ಅಕ್ಕಿ ಗಿರಣಿಯ ಹಿಂದಿನ ಮನೆ. ಪಡಸಾಲೆಯ ಗೋಡೆ ತುಂಬ ಗೆದ್ದ ಕಪ್‌ಗಳು, ಪದಕಗಳು, ಹೆಗಲಿಗೆ ಬಂದೂಕಿಟ್ಟು ನಕ್ಕ ಫೋಟೋಗಳು. ಐವತ್ತರ ಹತ್ತಿರದ, ಮೆತ್ತಗಿನ ಮಾತಿನ ಮನುಷ್ಯ. ಭವಾನಿಯನ್ನು ಕಂಡು ಎದ್ದು ನಿಂತರು. ಕೂರಲು ಹೇಳುವುದನ್ನು ಮರೆತರು.

"ನಿಮ್ಮ ಬಂದೂಕು ನೋಡಬೇಕಿತ್ರಿ."

"ಅದಕೇನ್ರಿ, ನೋಡ್ರಿ ಮೇಡಂ." ಕಬ್ಬಿಣದ ಕಪಾಟು ತೆರೆದು, ಒಂದರ ಮೇಲೊಂದು ನಳಿಗೆಯ ಹೊಳೆಯುವ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ತಂದರು. "ಇಟಲಿದು. ಮೈಸೂರು, ದಿಲ್ಲಿ, ಎಲ್ಲೆ ಸ್ಪರ್ಧಾ ಇದ್ರೂ ಇದೇ. ಇಷ್ಟು ಹಗುರ, ಹೆಣ್ಮಕ್ಕಳೂ ದಿನಪೂರ್ತಿ ಹೊಡಿಬಹುದು."

"ಛಲೋ ಐತ್ರಿ. ನಿಮಗ ಭಾಳ ಪ್ರೀತಿದು ಇದೇ ಏನು?"

ಕೊಟ್ರೇಶರು ಒಂದು ಕ್ಷಣ ಎಲ್ಲ ಮರೆತು ನಕ್ಕರು. "ಇಲ್ರಿ. ಪ್ರೀತಿದು ನಮ್ಮ ಸರ್ಕಾರಿ ಜೋಡು ನಳಿಗೀನೇ. ನಮ್ಮಪ್ಪ ಕೊಡಿಸಿದ್ದು. ಭಾರ ಐತಿ, ಹೆಗಲು ನೋಯಿಸ್ತೈತಿ. ಆದ್ರ ಅದನ್ನ ಹಿಡಿದ್ರ ನಮ್ಮಪ್ಪ ಹಿಂದ ನಿಂತು 'ಉಸಿರು ಹಿಡಿ' ಅಂದಂಗ ಆಗ್ತೈತಿ."

"ಅದನ್ನೇ ನೋಡಾಕ ಬಂದೀನಿ."

ನಗು ಆರಿತು. ಕಪಾಟಿನಲ್ಲಿ ಇನ್ನೊಂದು ಬಂದೂಕಿನ ಜಾಗ ಖಾಲಿಯಿತ್ತು. ಮಖಮಲ್ಲಿನ ಮೇಲೆ ಅದರ ಅಚ್ಚು ಮಾತ್ರ.

"ರಿಪೇರಿಗೆ ಕೊಟ್ಟೀನ್ರಿ."

"ಯಾರ ಕಡೆ?"

"ಇನ್ಯಾರ ಕಡೆ ಕೊಡೂದ್ರಿ, ಕೊಪ್ಪಳ ಜಿಲಾನಸಾಬರ ಕಡೆ."

ಭವಾನಿ ಬಾಗಿಲ ಕಡೆ ತಿರುಗಿದಳು. "ರೆಹಮಾನ, ಜೀಪಿನ್ಯಾಗ ಕುಂತವ್ರನ್ನ ಒಳಗ ಕರೀರಿ."

ಜಿಲಾನಸಾಬ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. "ಸಲಾಂ ಕೊಟ್ರೇಶಣ್ಣಾ."

ಕೊಟ್ರೇಶರು ಇಟಲಿಯ ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಗೆ ಕುಸಿದರು. ಹೊರಗೆ ಗಿರಣಿಯ ಸದ್ದು ಒಂದೇ ಸಮನೆ ಕೇಳುತ್ತಿತ್ತು.

"ಪೇಪರಿನ್ಯಾಗ ಓದೀನ್ರಿ ಮುಂಜಾನೆ. ಹಾಲೇಶ ಅಂತ. ಸಣ್ಣ ವಯಸ್ಸಂತಲ್ರಿ."

"ಮೂವತ್ನಾಕು. ಹೆಂಡ್ತಿ ಹೇಮಾವತಿ ಏಳು ತಿಂಗಳ ಬಸುರಿ" ಎಂದಳು ಭವಾನಿ. "ಲಾಕಪ್ಪಿನ್ಯಾಗಿರೋ ಮುದುಕ ಹೊತ್ತು ಮುಳುಗೂದ್ರಾಗ ಕೊಲೆಗಾರ ಆಗ್ತಾನ. ಅಂವನ ಬಂದೂಕು ಎಲ್ಲೈತ್ರಿ? ನಿಮ್ಮ ಕಡೆ ಬಂದಿತ್ತಲ್ಲ?"

"ಬಂದಿತ್ರಿ."

"ಯಾವಾಗ ಗೊತ್ತಾತು?"

"ನಮ್ಮಪ್ಪನ ಕಾಲದಿಂದ ಆ ಬಂದೂಕಿನ ಲೈಸೆನ್ಸ್ ಗುಡ್ಡದಕೇರಿ ಠಾಣೆದು; ಎಲೆಕ್ಷನ್ ಮುಗದು ಜೂನಿನ್ಯಾಗ ಅಲ್ಲಿಂದ ತಂದು ಕಪಾಟಿನ್ಯಾಗ ಇಟ್ಟೆ. ಮುಟ್ಟಿದ್ದು ಜುಲೈದಾಗ. ಮೊದಲ ತಟ್ಟಿ ಹಾರಿತು, ಬಂದೂಕು ಸುಡಲಿಲ್ಲ. ಸೇಫ್ಟಿ ಹಿಂದಕ ಬಂದಿತ್ತು. ಹೆಗಲಿಗೆ ಗಿಡ್ಡ. ಪಟ್ಟಿ ಬಿಚ್ಚಿ ನಂಬರ್ ನೋಡಿದೆ. ನಮ್ಮಪ್ಪನ ಬಂದೂಕು ಯಾವನೋ ಹೊಲಕ್ಕ ಒಯ್ದಾನ ಅಂತ ಸಿಟ್ಟಿನಲೆ ಹೋದೆ ಠಾಣೆಗೆ."

"ಠಾಣೆಯ ಪುಸ್ತಕದಾಗ ನಿಮ್ಮ ತಕರಾರು ಇಲ್ಲ."

"ಬರಸಲಿಲ್ರಿ."

"ಯಾಕ?"

ಅವರು ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ನೋಡಿದರು. ನಂತರ ಜಿಲಾನಸಾಬರನ್ನು ನೋಡಿದರು. ಜಿಲಾನಸಾಬ ನೆಲ ನೋಡುತ್ತಿದ್ದರು. ಭವಾನಿಗೆ ಆಗ ತಿಳಿಯಿತು, ಅವರು ಬೆಳಿಗ್ಗೆಯೇ ಊಹಿಸಿದ್ದಾರೆ ಎಂದು. ಊಹಿಸಿಯೂ ಅವಳ ಬಾಯಿಂದ ಆ ಹೆಸರು ಬರಲಿ ಎಂದು ಕಾಯ್ದಿದ್ದಾರೆ.

ಗುಡ್ಡದಕೇರಿ ಠಾಣೆಗೆ ಅವಳು ವರ್ಗವಾಗಿ ಬಂದದ್ದು ಆಗಸ್ಟಿನಲ್ಲಿ. ಜುಲೈ ಮೂವತ್ತೊಂದರ ತನಕ ಅಲ್ಲಿ ಬಂದೂಕಿನ ಕೋಣೆಯ ಬೀಗದಕೈ ಒಬ್ಬರ ಸೊಂಟದಲ್ಲೇ ಇತ್ತು.

"ಹೇಳ್ರಿ" ಎಂದಳು.

"ನಿಮ್ಮ ತಂದಿಯವ್ರು ಇದ್ರು. ಹಂಪಣ್ಣನವ್ರು. ಬಂದೂಕು ನೋಡಿದ್ರು, ಚೀಟಿ ನೋಡಿದ್ರು, ಕಣ್ಣಿಗೆ ಹತ್ರ ಹಿಡಿದು ನೋಡಿದ್ರು. ಆಮ್ಯಾಲ ಬಾಗಲ ಮುಚ್ಚಿ ನನ್ನ ಕೈ ಹಿಡಕೊಂಡ್ರು. 'ನಿವೃತ್ತಿಗೆ ಹತ್ತು ದಿನ ಐತಿ ಕೊಟ್ರೇಶಪ್ಪಾ. ನಲವತ್ತು ವರ್ಷದಾಗ ಇದೊಂದು ತಪ್ಪು. ಬರಸಬ್ಯಾಡ. ಇದನ್ನ ನನಗ ಕೊಟ್ಟು ಹೋಗು. ನಾನೇ ಸಣ್ಣಪ್ಪನ ಮನಿಗೆ ಹೋಗಿ ಬದಲಿ ಮಾಡಿ, ನಿನ್ನದು ನಿನಗ ಮುಟ್ಟಸ್ತೀನಿ' ಅಂದ್ರು."

"ಕೊಟ್ರಿ."

"ಕೊಟ್ನಿರಿ. ಸಿಟ್ಟೆಲ್ಲಾ ಇಳದು ಹೋತು. ಅವ್ರು ಪ್ರತಿ ಸಲಾ ನನ್ನ ಬಂದೂಕಿಗೆ ಎಣ್ಣಿ ಹಚ್ಚಿ ಕೊಡ್ತಿದ್ರು ಮೇಡಂ. ಯಾವ ಠಾಣೆದಾಗ ಹಚ್ತಾರ್ರಿ? ಅಂಥಾ ಮನಶಾಗ ಹತ್ತು ದಿನದ ಸಲುವಾಗಿ ಕಪ್ಪು ಚುಕ್ಕಿ ಯಾಕ ಅಂತ." "ಉಪಕಾರ ಮಾಡ್ತೀನಿ ಅಂದ್ಕೊಂಡಿದ್ದೆ."

ರೆಹಮಾನನ ಪೆನ್ನು ಕಾಗದದ ಮೇಲೆ ನಿಂತಿತ್ತು.

"ಸೇಫ್ಟಿ ವಿಷಯ?" ಭವಾನಿ ಕೇಳಿದಳು.

"ಎರಡು ಸಲ ಹೇಳೀನ್ರಿ. ನನ್ನ ಬಂದೂಕಿನ್ಯಾಗ ಅದು ಹಿಂದಕ ಬರೂದಿಲ್ಲ, ಸಣ್ಣಪ್ಪಗ ಜಲ್ದಿ ತಿಳಸ್ರಿ ಅಂತ. ಆಗಸ್ಟಿನ್ಯಾಗ ಫೋನ್ ಮಾಡಿದೆ, 'ನಾಳೆ ಹೊಕ್ಕೀನಿ' ಅಂದ್ರು. ಸೆಪ್ಟೆಂಬರಿನ್ಯಾಗ ಮಾಡಿದೆ, 'ಮೊಣಕಾಲು ನೋವು' ಅಂದ್ರು. ಆಮ್ಯಾಲ ನನಗೂ ಕೇಳಾಕ ನಾಚಿಕಿ ಆತು."

"ಮೇಡಂ" ಎಂದ ರೆಹಮಾನ, ತಲೆ ಎತ್ತದೆ. "ಹೆಸರು ಬರೀಲೇನ್ರಿ? ಇಲ್ಲಾಂದ್ರ, ಠಾಣೆಯ ಸಿಬ್ಬಂದಿ ಅಂತ..."

ಭವಾನಿಗೆ ಅವನ ಮೇಲೆ ಮಮತೆ ಉಕ್ಕಿತು. ಬೇರೆ ಯಾರದೋ ತಪ್ಪಿಗೆ ಅವನು ಹಾಳೆಯಲ್ಲಿ ಜಾಗ ಖಾಲಿ ಬಿಟ್ಟು ಕುಳಿತಿದ್ದ.

"ಲೈಸೆನ್ಸ್ ನೋಡಿ ನಂಬರ್ ಬರದು ಒಮ್ಮಿ ಕಲ್ತೀವಲ್ರಿ. ಇದ್ದ ಹೆಸರು ಬರೀರಿ."

ಅವನು ಬರೆದ. ಕೊಟ್ರೇಶರು ಸಹಿ ಹಾಕಿದರು.

ಹೊರಗೆ ಬಂದಾಗ ಜಿಲಾನಸಾಬ ಜೀಪು ಹತ್ತಲಿಲ್ಲ. ಬಸ್ ಸ್ಟ್ಯಾಂಡ್ ಇಲ್ಲೇ ಐತಿ, ನಡದು ಹೊಕ್ಕೀನಿ ಎಂದರು. ಹಂಪಣ್ಣನ ಮನೆಯಿರುವ ಹಿಟ್ನಾಳದ ಮೇಲೆಯೇ ಕೊಪ್ಪಳದ ದಾರಿ ಎಂದು ರೆಹಮಾನ ನೆನಪಿಸಿದ.

"ಗೊತ್ತೈತಪಾ. ಆ ಮನ್ಯಾಗ ಎಷ್ಟೋ ಸಲ ಚಾ ಕುಡದೀನಿ. ಇವತ್ತ ನಾ ಬಾಗಲದಾಗ ನಿಂತ್ರ ಹಂಪಣ್ಣ ತಲಿ ಎತ್ತೂದಿಲ್ಲ." ಅವರು ಭವಾನಿಯ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ನಡೆದುಹೋದರು.

* * *

ಹಿಟ್ನಾಳ ಮುಟ್ಟಿದಾಗ ಎರಡು ಗಂಟೆ. ಹೆದ್ದಾರಿಯ ಲಾರಿಗಳ ಸದ್ದು ಕೇಳುವಷ್ಟು ಹತ್ತಿರ, ಬೇವಿನ ಗಿಡದ ಕೆಳಗಿನ ಎರಡು ಕೋಣೆಯ ಮನೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಹಂಪಣ್ಣ ಕಟ್ಟೆಯ ಮೇಲೆ ಕುಳಿತಿದ್ದರು. ಮಗಳು ಸಮವಸ್ತ್ರದಲ್ಲಿ ಬಂದುದನ್ನು ಕಂಡು ಎದ್ದು ನಿಂತರು. ನಲವತ್ತು ವರ್ಷದ ಅಭ್ಯಾಸ.

"ಕುಂದರಪ್ಪಾ."

"ಬಂದೂಕಕ್ಕ ಬಂದಿ ಅಲ್ಲಾ?"

ಹಂಪಣ್ಣ ಒಳಗೆ ಹೋಗಿ, ಜೋಳದ ಚೀಲಗಳ ಹಿಂದಿನಿಂದ ಹಳೆಯ ಖಾಕಿ ಕೋಟಿನಲ್ಲಿ ಸುತ್ತಿದ ಉದ್ದನೆಯ ಗಂಟು ತಂದು ಕಟ್ಟೆಯ ಮೇಲಿಟ್ಟರು. ಬಿಚ್ಚಿದಾಗ ಮರ ಹೊಳೆಯಿತು. ವಾರಕ್ಕೊಮ್ಮೆ ಎಣ್ಣೆ ಕಂಡ ಮರ.

ಲೈಸೆನ್ಸ್ ಇಲ್ಲದೆ ಎರಡು ತಿಂಗಳು ಮನೆಯಲ್ಲಿಟ್ಟ ಬಂದೂಕು. ಅದರ ಕಲಮು ಯಾವುದು, ಶಿಕ್ಷೆ ಎಷ್ಟು ಎಂದು ಭವಾನಿಗೆ ಪಾಠದಂತೆ ಬರುತ್ತಿತ್ತು. ಅಪ್ಪನಿಗೂ ಬರುತ್ತಿತ್ತು.

"ಹೆಂಗಾತು?"

"ದಾರ ಹರಿದಿತ್ತವ್ವಾ. ಎರಡು ಚೀಟಿ ಕೆಳಗ ಬಿದ್ದಿದ್ವು. ಓದಿ ಕಟ್ಟಿದೆ. ಓದೀನಿ ಅಂದ್ಕೊಂಡೆ." ಅವರು ಬಲಗಣ್ಣಿನ ಮೇಲೆ ಬೆರಳಿಟ್ಟು ತೋರಿಸಿದರು. "ಇದರಾಗ ಪರದಿ ಬಂದು ಮಂಜಾಗಿ ಒಂದೂವರಿ ವರ್ಷ ಆತು. ಹೇಳಿದ್ರ ಬಂದೂಕಿನ ಕೋಣಿಯಿಂದ ತಗೀತಿದ್ರು. ಆ ಕೋಣಿ ಬಿಟ್ರ ನನಗೇನು ಬರ್ತೈತಿ?"

"ನಿವೃತ್ತಿ ಆದಮ್ಯಾಲ ಎರಡು ತಿಂಗಳು ಏನ್ ಮಾಡಿದಿ?"

"ಮೂರು ಸಲ ಗುಡ್ಡದಕೇರಿ ಸ್ಟಾಪಿನ ಮಟಾ ಹೋಗೀನಿ. ಇಳೀಲಿಲ್ಲ. ಅದೇ ಬಸ್ಸಿನ್ಯಾಗ ಹೊಳ್ಳಿ ಬಂದೆ. ನಾಕನೇ ಸಲ ಇಳದೆ."

"ಯಾವಾಗ?"

"ಮೊನ್ನೆ ಸಂಜಿಗೆ."

ಹಾಲೇಶ ಬಿದ್ದದ್ದು ನಿನ್ನೆ ನಸುಕಿನಲ್ಲಿ.

"ಸಣ್ಣಪ್ಪ ಗದ್ದಿ ಗುಡಿಸಲದಾಗ ಒಬ್ಬನೇ ಇದ್ದ. ಎಲ್ಲಾ ಹೇಳಿದೆ. ಬೈತಾನ ಅಂತ ತಲಿ ತಗ್ಗಿಸಿ ನಿಂತಿದ್ದೆ. ಅಂವ ನಕ್ಕ ಭವಾನಿ! 'ಹಂಗಾರ ನಾ ಕುಗ್ಗಿಲ್ಲ! ಮನ್ಯಾಗ ಹೇಳಬೇಕು ಇದನ್ನ' ಅಂತ ಕೈ ಚಾಚಿ ಚಾಚಿ ನೋಡ್ಕೊಂಡ." ಹಂಪಣ್ಣನ ಒಳ್ಳೆಯ ಕಣ್ಣಿನಲ್ಲೂ ನೀರಿತ್ತು. "ನಾಳೆ ಅಂವನ ಬಂದೂಕು ತಂದು ಕೊಡ್ತೀನಿ ಅಂದೆ. 'ನೀ ಮತ್ತ ಬಸ್ ಹತ್ತಬ್ಯಾಡ, ಮೊಣಕಾಲು ನೋವಂತಿ. ಮುಂಜಾನೆ ಕಾವಲು ಮುಗಿಸಿ ಮೊದಲ ಬಸ್ಸಿಗೆ ನಾನೇ ಬರ್ತೀನಿ' ಅಂದ."

ಹಾಗಾದರೆ ಸಣ್ಣಪ್ಪ ಆ ಹೊತ್ತಿನಲ್ಲಿ ಬಂದೂಕು ಹಿಡಿದು ಕಾಲುವೆ ದಂಡೆ ಹತ್ತಿದ್ದು ಹಾಲೇಶನಿಗಾಗಿ ಹೊಂಚು ಹಾಕಲು ಅಲ್ಲ. ಬಸ್ಸಿಗೆ. ಈ ಮನೆಗೆ ಬರಲು. ಎಲ್ಲಿಗೆ ಹೊರಟಿದ್ದೆ ಎಂದು ಹೇಳಿದರೆ ಹಂಪಣ್ಣನ ಹೆಸರು ಬರುತ್ತದೆಂದು ಅವನು ಬಾಯಿ ಮುಚ್ಚಿ ಕೊಲೆಯ ಕಲಮನ್ನೇ ಹೊರಲು ಕುಳಿತಿದ್ದ.

"ಅಪ್ಪಾ, ಒಂದು ಕೇಳ್ತೀನಿ. ಕೊಟ್ರೇಶ ಅವ್ರು ಸೇಫ್ಟಿ ವಿಷಯ ನಿನಗ ಹೇಳಿದ್ರು."

"ಹೇಳಿದ್ರು."

"ಮೊನ್ನೆ ನೀ ಅದನ್ನ ಸಣ್ಣಪ್ಪಗ ಹೇಳಿದ್ಯಾ?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಹೇಳಿದ್ದರೆ, ಸಣ್ಣಪ್ಪ ಗೊತ್ತಿದ್ದೂ ತೋಟಾ ತುಂಬಿದ ಬಂದೂಕನ್ನು ಹಾಲೇಶನ ಎದೆಯತ್ತ ಹಿಡಿದ ಎಂದು ಕೋರ್ಟಿನಲ್ಲಿ ಯಾರು ಬೇಕಾದರೂ ಹೇಳಬಹುದು. ಹೇಳದಿದ್ದರೆ, ಹಾಲೇಶನ ಸಾವು ಈ ಬೇವಿನ ಗಿಡದ ಕೆಳಗೆ ಬಂದು ಕೂರುತ್ತದೆ. ಎರಡರಲ್ಲಿ ಒಂದು. ಮೂರನೆಯದು ಇರಲಿಲ್ಲ.

ಹಂಪಣ್ಣ ಬಂದೂಕನ್ನು ಮತ್ತೆ ಖಾಕಿ ಕೋಟಿನಲ್ಲಿ ಸುತ್ತಿದರು.

"ಅದನ್ನ ಇಲ್ಲೆ ಹೇಳೂದಿಲ್ಲವ್ವಾ. ಅಂವನ ಮುಂದ ನಿಂತು ಹೇಳ್ತೀನಿ. ನಾ ಇಲ್ಲದಾಗ ಅಂವನ್ನ ಕೇಳಿದ್ರ, ನನ್ನ ಉಳಸಾಕ ಸುಳ್ಳು ಹೇಳ್ತಾನ."

ಅವರು ಒಳಗೆ ಹೋಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಮೇಲಿನ ಗುಂಡಿ ರಂಧ್ರಕ್ಕೆ ಸಿಗದೆ ಎರಡು ಸಲ ತಪ್ಪಿತು. ರೆಹಮಾನ ಜೀಪಿನಿಂದ ಇಳಿದು ಬಂದು ತನ್ನ ಹಳೆಯ ಸಹೋದ್ಯೋಗಿಯ ಗುಂಡಿ ಹಾಕಿಕೊಟ್ಟ.

ಭವಾನಿಯ ಫೋನು ಬಡಿದುಕೊಂಡಿತು. ಸರ್ಕಲ್ ಇನ್‌ಸ್ಪೆಕ್ಟರು.

"ಎಲ್ಲೀದೀರಿ? ಆರೋಪಿನ್ನ ಕರಕೊಂಡು ಹೊಂಟೀವಿ. ಕಾಗದ ರೆಡಿ ಅದಾವಲ್ಲ?"

"ಅರ್ಧ ತಾಸು ತಡೀರಿ ಸರ್. ಠಾಣೆದಾಗೇ ಇರ್ರಿ. ಇನ್ನೊಬ್ಬರನ್ನ ಕರಕೊಂಡು ಬರಾಕತ್ತೀನಿ."

"ಯಾರು? ಸಾಕ್ಷಿಯೇನು?"

ಭವಾನಿ ಕಟ್ಟೆಯ ಮೇಲೆ ಚಪ್ಪಲಿ ಹುಡುಕುತ್ತಿದ್ದ ಅಪ್ಪನನ್ನು ನೋಡಿದಳು. ಚಪ್ಪಲಿ ಅವರ ಕಾಲ ಬಲಕ್ಕೇ ಇತ್ತು. ಅವರಿಗೆ ಕಾಣುತ್ತಿರಲಿಲ್ಲ.

"ಸಾಕ್ಷಿನೋ ಆರೋಪಿನೋ, ಇನ್ನೂ ಗೊತ್ತಿಲ್ರಿ ಸರ್."

ಅವಳು ಬಗ್ಗಿ ಚಪ್ಪಲಿಯನ್ನು ಅವರ ಪಾದದ ಮುಂದೆ ಸರಿಸಿದಳು.

ಆಗ ತಾಯಿ ವಿರೂಪಾಕ್ಷಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಮುಖದ ಮೇಲೆ ಜೋಳದ ಹಿಟ್ಟು ಹತ್ತಿತ್ತು; ಎಲ್ಲ ಕೇಳಿಸಿಕೊಂಡ ಮುಖ. ಹಂಪಣ್ಣ ಅಭ್ಯಾಸದಂತೆ ಕೈ ಚಾಚಿದರು.

"ಇದು ಆ ಸಣ್ಣಪ್ಪಗ" ಎಂದರು ವಿರೂಪಾಕ್ಷಮ್ಮ. "ನೀವು ಮನಿಗೆ ಬಂದು ಉಣ್ರಿ."

ಇನ್ನೂ ಬಿಸಿಯಾಗಿದ್ದ ಬುತ್ತಿಯನ್ನು ಮಗಳ ಎರಡೂ ಕೈಗಳಲ್ಲಿಟ್ಟರು.